ಬಂಡೆಯ ಊರಲ್ಲಿ ರೇಡಿಯೋ ಕಂಬಕ್ಕೆ ಅರ್ಥಿಂಗ್

ದಿಲ್‌ಸುಖ್‌ನಗರದಲ್ಲಿ ಹೊಸ ಅಪಾರ್ಟ್‌ಮೆಂಟ್‌ಗೆ ಪಾಯ ತೆಗೆಯುವುದನ್ನು ನೋಡಿದವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಮೊದಲು ಜೆಸಿಬಿ ಬಂದು ಮೇಲಿನ ಕೆಂಪು ಮಣ್ಣನ್ನೂ ಅದರ ಕೆಳಗಿನ ಮೊರಂ ಅನ್ನೂ ಬಗೆದು ಹಾಕುತ್ತದೆ. ಆಮೇಲೆ ಬ್ರೇಕರ್ ಬರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕಟಕಟ ಎಂದು ಬಂಡೆ ಕುಟ್ಟುತ್ತಲೇ ಇರುತ್ತದೆ. ಪಕ್ಕದ ಕೋಚಿಂಗ್ ಸೆಂಟರ್‌ನ ಮೇಷ್ಟ್ರು ದನಿ ಏರಿಸುತ್ತಾರೆ, ಹಾಸ್ಟೆಲ್ ಹುಡುಗರು ಕಿಟಕಿ ಮುಚ್ಚುತ್ತಾರೆ. ಇಲ್ಲಿನ ಬಟ್ಟೆ ಅಂಗಡಿಗಳು, ಮೆಟ್ರೊ ಕಂಬಗಳು, ನಾವಿರುವ ಫ್ಲ್ಯಾಟ್‌ಗಳು ಎಲ್ಲವೂ ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮೇಲೆ.

ಇಲ್ಲಿಂದ ಮಲಕ್‌ಪೇಟೆ ಕಡೆ ಸ್ವಲ್ಪ ದೂರ ಹೋದರೆ ಆಸ್ಮಾನ್‌ಗಢದ ದಿಣ್ಣೆ ಸಿಗುತ್ತದೆ. ಹೈದರಾಬಾದ್ ಸಂಸ್ಥಾನದ ಪ್ರಧಾನಿಯಾಗಿದ್ದ ಸರ್ ಆಸ್ಮಾನ್ ಜಾಹ್ 1885ರಲ್ಲಿ ಆ ಗುಡ್ಡದ ಮೇಲೆ ಅರಮನೆ ಕಟ್ಟಿಸಿದರು. ಅದೇ ಭಾಗದಲ್ಲಿ ಟಿವಿ ಟವರ್ ಕೂಡ ಇದೆ. ಎತ್ತರ ಬೇಕು ಅನ್ನುವವರಿಗೆಲ್ಲ ಬಂಡೆ ಒಳ್ಳೆಯದು. ಆದರೆ ಎತ್ತರದ ಕಂಬಕ್ಕೆ ನೆಲದ ಆಸರೆ ಎಷ್ಟು ಬೇಕೋ ಅಷ್ಟೇ ವಿದ್ಯುತ್ತಿನ ಆಸರೆಯೂ ಬೇಕು. ಅದನ್ನು ಕೊಡುವುದರಲ್ಲಿ ಬಂಡೆಯಷ್ಟು ಜಿಪುಣ ಇನ್ನೊಬ್ಬನಿಲ್ಲ.

ಇದು ಟಿವಿ ಕೇಂದ್ರದವರಿಗೋ ಮೊಬೈಲ್ ಕಂಪನಿಯವರಿಗೋ ಬಿಟ್ಟ ವಿಷಯ ಎಂದುಕೊಳ್ಳಬೇಡಿ. ನಿಮ್ಮ ಮನೆಯ ತಾರಸಿಯಲ್ಲಿ ಡಿಶ್ ಆಂಟೆನಾ, ಸೋಲಾರ್ ಫಲಕ, ವೈ-ಫೈ ಕಂಬ ಏನಿದ್ದರೂ ಈ ಲೆಕ್ಕ ನಿಮಗೂ ಅನ್ವಯಿಸುತ್ತದೆ. ನನಗೆ ಇದು ತಟ್ಟಿದ್ದು ಹ್ಯಾಮ್ ರೇಡಿಯೋ ಎಂಬ ಹವ್ಯಾಸದ ಮೂಲಕ.

ಹೈದರಾಬಾದ್ ಎಂಬ ಹ್ಯಾಮ್ ಊರು

ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಸ್ವಂತ ರೇಡಿಯೋ ಕೇಂದ್ರ ನಡೆಸುವ ಹವ್ಯಾಸಿ. ವ್ಯಾಪಾರವಿಲ್ಲ, ಜಾಹೀರಾತಿಲ್ಲ. ಒಬ್ಬ ಹ್ಯಾಮ್ ಇನ್ನೊಬ್ಬರ ಜೊತೆ ಗಾಳಿಯಲ್ಲಿ ಮಾತಾಡುವುದು, ಅಷ್ಟೇ. ಬೆಂಗಳೂರು, ಮಂಗಳೂರುಗಳಲ್ಲಿ ಈ ಹವ್ಯಾಸಕ್ಕೆ ಹಳೆಯ ಬೇರುಗಳಿವೆ. ಹೈದರಾಬಾದಿನಲ್ಲಂತೂ ರಾಜಭವನ ರಸ್ತೆಯಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯೇ ಇದೆ. 1983ರಲ್ಲಿ ಎಸ್. ಸೂರಿ ಅವರು ಕಟ್ಟಿದ ಸಂಸ್ಥೆ ಅದು.

ಈ ಹವ್ಯಾಸ ಏಕೆ ಬೇಕು ಎಂದು ಕೇಳಿದವರಿಗೆ ಇಲ್ಲಿನವರು ಹೇಳುವ ಉತ್ತರ ಒಂದೇ: 2004ರ ಡಿಸೆಂಬರ್. ಆ ತಿಂಗಳು ಈ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ಕೇಂದ್ರ ಹಾಕಿಕೊಂಡು ಜಗತ್ತಿನ ಹವ್ಯಾಸಿಗಳ ಜೊತೆ ಮಾತಾಡುತ್ತಿತ್ತು. 26ರ ಬೆಳಗ್ಗೆ ಭೂಮಿ ನಡುಗಿತು, ಸುನಾಮಿ ಅಪ್ಪಳಿಸಿತು, ಫೋನ್‌ಗಳು ಸತ್ತವು. ಹವ್ಯಾಸಕ್ಕೆಂದು ಹಾಕಿದ್ದ ಆ ಕೇಂದ್ರ ಅಂದಿನಿಂದ ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸುವ ಕೇಂದ್ರವಾಯಿತು.

ಇಂಥ ಕೇಂದ್ರ ಕೆಲಸಕ್ಕೆ ಬರುವುದು ಬಿರುಗಾಳಿ, ಪ್ರವಾಹ, ಸಿಡಿಲು ಮಳೆಯ ಹೊತ್ತಿನಲ್ಲಿ. ಅದು ಸುಟ್ಟುಹೋಗುವುದೂ ಅದೇ ಹೊತ್ತಿನಲ್ಲಿ. 2020ರ ಅಕ್ಟೋಬರ್ ಮಧ್ಯದ ಮಳೆಯಲ್ಲಿ ಸರೂರ್‌ನಗರ ಕೆರೆ ಉಕ್ಕಿ ನಮ್ಮ ಸುತ್ತಲಿನ ಕಾಲೊನಿಗಳು ದಿನಗಟ್ಟಲೆ ನೀರಿನಲ್ಲಿದ್ದವು. ಅಂಥ ರಾತ್ರಿಯಲ್ಲಿ ರೇಡಿಯೋ ಬದುಕಿರಬೇಕು. ಅದಕ್ಕಿಂತ ಮುಖ್ಯವಾಗಿ, ಅದರ ಕಂಬದಿಂದಾಗಿ ಕೆಳಗಿನ ಮನೆಯವರಿಗೆ ಅಪಾಯ ಆಗಬಾರದು. ಅರ್ಥಿಂಗ್ ಕಥೆ ಶುರುವಾಗುವುದು ಇಲ್ಲಿಂದ.

ಎರೆಭೂಮಿಯಿಂದ ಬಂಡೆಗೆ

ನಾನು ವಿಜಯಪುರ ಕಡೆಯವನು. ನಮ್ಮಲ್ಲಿ ಎರೆಮಣ್ಣು. ಮಳೆಗಾಲದಲ್ಲಿ ಕಬ್ಬಿಣದ ಸರಳು ಹಿಡಿದು ನಾಲ್ಕು ಏಟು ಹಾಕಿದರೆ ಆಳು ಎತ್ತರ ಇಳಿದುಬಿಡುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಮಣ್ಣು, ಲವಣವೂ ಉಂಟು. ವಿದ್ಯುತ್ತಿಗೆ ಅದು ಹೆದ್ದಾರಿ ಇದ್ದಹಾಗೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ ಎಂಬುದೊಂದೇ ಅದರ ತಕರಾರು.

ಮಣ್ಣು ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಓಮ್-ಮೀಟರ್‌ನಲ್ಲಿ ಅಳೆಯುತ್ತಾರೆ. ಒದ್ದೆ ಜೇಡಿಮಣ್ಣಿನದು ಕೆಲವು ಹತ್ತುಗಳಲ್ಲಿ ಇರುತ್ತದೆ. ಒಣ ಮೊರಂನದು ನೂರುಗಳಿಗೆ ಏರುತ್ತದೆ. ಗಟ್ಟಿ ಗ್ರಾನೈಟಿನದು ಸಾವಿರಗಳಲ್ಲಿ. ಕರಾವಳಿಯವರಿಗೆ ಗೊತ್ತಿರುವ ಮುರಕಲ್ಲು ಕೂಡ ಬೇಸಿಗೆಯಲ್ಲಿ ಒಣಗಿದಾಗ ಇದೇ ಜಾತಿಗೆ ಸೇರುತ್ತದೆ. ರಾಮನಗರ, ಮಧುಗಿರಿ, ಹಂಪಿಯ ಬಂಡೆಗಳನ್ನು ಕಂಡವರಿಗೆ ಹೈದರಾಬಾದಿನ ಬಂಡೆ ಹೊಸದೇನಲ್ಲ, ದಖ್ಖನ್ನಿನ ಒಂದೇ ವಂಶದ ದಾಯಾದಿಗಳು ಇವು.

ಒಂದು ಲೆಕ್ಕ ನೋಡಿ. ಮೂರು ಮೀಟರ್ ಉದ್ದದ, 16 ಮಿಲಿಮೀಟರ್ ದಪ್ಪದ ಒಂದು ಅರ್ಥಿಂಗ್ ಸರಳನ್ನು 100 ಓಮ್-ಮೀಟರ್ ಇರುವ ಮಣ್ಣಿನಲ್ಲಿ ಪೂರ್ತಿ ಇಳಿಸಿದರೆ, ಭೂಮಿಗೂ ಅದಕ್ಕೂ ನಡುವಿನ ತಡೆ ಸುಮಾರು 35 ಓಮ್ ಬರುತ್ತದೆ. ನಮ್ಮ ದೇಶದ ಅರ್ಥಿಂಗ್ ಸಂಹಿತೆ ಐಎಸ್ 3043ರ ಸೂತ್ರದಿಂದ ಯಾರು ಬೇಕಾದರೂ ಇದನ್ನು ಲೆಕ್ಕ ಹಾಕಬಹುದು. ಅದೇ ಸರಳನ್ನು 1,000 ಓಮ್-ಮೀಟರ್ ಇರುವ ನೆಲದಲ್ಲಿ ಇಳಿಸಿದರೆ 350 ಓಮ್. ಅದೂ ಪೂರ್ತಿ ಇಳಿದರೆ ಮಾತ್ರ.

ಇಲ್ಲಿ ಪೂರ್ತಿ ಇಳಿಯುವುದೇ ಇಲ್ಲ. ಎರಡು ಅಡಿ ಹೋಗುತ್ತಲೂ ಠಣ್ ಎನ್ನುತ್ತದೆ. ಆಗ ಏನು ಮಾಡುತ್ತಾರೆ? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಕಟ್ಟಡದಲ್ಲಿ ಗುತ್ತಿಗೆದಾರನ ಕಡೆಯ ಹುಡುಗ ಹ್ಯಾಕ್ಸಾ ತೆಗೆದು, ನೆಲದ ಮೇಲೆ ಉಳಿದ ಏಳೆಂಟು ಅಡಿ ಸರಳನ್ನು ಕತ್ತರಿಸಿ ಬದಿಗಿಟ್ಟ. ಮೇಲೊಂದು ಸಿಮೆಂಟ್ ಮುಚ್ಚಳ ಕೂತಿತು, ಅದರ ಮೇಲೆ ಹಸಿರು ಬಣ್ಣದಲ್ಲಿ ಅರ್ಥ್ ಪಿಟ್ ಎಂದು ಬರೆದದ್ದಾಯಿತು. ಬಿಲ್ಲಿನಲ್ಲಿ ಮೂರು ಮೀಟರ್. ಈ ಊರಿನಲ್ಲಿ ಇಂಥ ಮುಚ್ಚಳ ಕಂಡಾಗಲೆಲ್ಲ ಎತ್ತಿ ನೋಡಬೇಕು ಎನಿಸುವುದು ಅದಕ್ಕೇ.

ಒಂದೇ ಹೆಸರು, ಮೂರು ಕೆಲಸ

ಅರ್ಥಿಂಗ್ ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ತುಂಬಿಬಿಟ್ಟಿದ್ದೇವೆ. ಬಂಡೆಯ ಊರಿನಲ್ಲಿ ಅವುಗಳನ್ನು ಬಿಡಿಸಿ ನೋಡಿದರೆ ಅರ್ಧ ಸಮಸ್ಯೆ ಕರಗುತ್ತದೆ.

ಮೊದಲನೆಯದು ಶಾಕ್‌ನಿಂದ ರಕ್ಷಣೆ. ರೇಡಿಯೋ ಪೆಟ್ಟಿಗೆಯ ಒಳಗೆ ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿತು ಅನ್ನಿ. ಆ ಮೈ ಬರೀ ಒಂದು ಸರಳಿನ ಮೂಲಕ ನೆಲಕ್ಕೆ ಸೇರಿದ್ದರೆ, ಹರಿಯುವ ಪ್ರವಾಹ ಎಷ್ಟು? 230 ವೋಲ್ಟ್‌ಗೆ 35 ಓಮ್ ಇದ್ದರೆ ಆರೂವರೆ ಆಂಪಿಯರ್. 350 ಓಮ್ ಇದ್ದರೆ ಮುಕ್ಕಾಲು ಆಂಪಿಯರ್ ಕೂಡ ಇಲ್ಲ. ಇಷ್ಟಕ್ಕೆ 16 ಆಂಪಿಯರ್‌ನ ಎಂಸಿಬಿ ಬೀಳುವುದೇ ಇಲ್ಲ, ಪೆಟ್ಟಿಗೆ ಶಾಕ್ ಕೊಡುತ್ತಲೇ ಕೂತಿರುತ್ತದೆ. ಇದಕ್ಕೆ ಮದ್ದು ಇನ್ನೊಂದು ಸರಳಲ್ಲ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಪ್ರವಾಹ ಎಲ್ಲೋ ಸೋರುತ್ತಿದೆ ಎಂದು ಗೊತ್ತಾದ ಕ್ಷಣದಲ್ಲೇ ಅದು ಕರೆಂಟ್ ಕಡಿಯುತ್ತದೆ. ಅದರ ಮಟ್ಟಿಗೆ 350 ಓಮ್ ಕೂಡ ಸಾಕು. ಹಳೆಯ ಮನೆಗಳಲ್ಲಿ ಬಾಡಿಗೆಗೆ ಇರುವವರು ಇವತ್ತೇ ಮೀಟರ್ ಬೋರ್ಡ್ ತೆರೆದು, ಟೆಸ್ಟ್ ಎಂಬ ಗುಂಡಿ ಇರುವ ಈ ಸಾಧನ ಇದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು ರೇಡಿಯೋ ಅಲೆಗಳಿಗೆ ಬೇಕಾದ ನೆಲ. ಆಂಟೆನಾಕ್ಕೆ ಒಳ್ಳೆಯ ಅರ್ಥ್ ಇಲ್ಲದಿದ್ದರೆ ದೂರ ಹೋಗುವುದಿಲ್ಲ ಎಂಬ ಮಾತು ನೇರ ಕಂಬದ ಆಂಟೆನಾಗಳಿಗೆ ಮಾತ್ರ ನಿಜ. ಎರಡು ಕೈ ಚಾಚಿದಂತೆ ಅಡ್ಡಲಾಗಿ ಕಟ್ಟುವ ಡೈಪೋಲ್‌ಗೆ ನೆಲದ ಹಂಗಿಲ್ಲ. 7 ಮೆಗಾಹರ್ಟ್ಸ್‌ಗೆ ಅದು ಸುಮಾರು 20 ಮೀಟರ್ ಉದ್ದ ಬೇಕು, ತಾರಸಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದರೆ ಆಯಿತು. ನೇರ ಕಂಬವೇ ಬೇಕೆಂದರೆ ಅದರ ಬುಡದಿಂದ ತಾರಸಿಯ ಮೇಲೇ ನಾಲ್ಕು ತಂತಿಗಳನ್ನು ಹರಡಬಹುದು. 14 ಮೆಗಾಹರ್ಟ್ಸ್‌ಗೆ ತಂತಿಯೊಂದು ಐದು ಮೀಟರ್ ಇದ್ದರೆ ಸಾಕು. ಕೆಳಗೆ ಬಂಡೆ ಇದೆಯೋ ಎರೆಮಣ್ಣು ಇದೆಯೋ ಎಂದು ಅವು ಕೇಳುವುದಿಲ್ಲ.

ಉಳಿದದ್ದು ಮೂರನೆಯದು, ಸಿಡಿಲು. ನಿಜವಾದ ಸವಾಲು ಇದೊಂದೇ.

ಓಮ್ ಬೆನ್ನಟ್ಟಿದವರ ಪಾಡು

ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಹರಿಯುತ್ತದೆ. ಅಪರೂಪಕ್ಕೆ ಲಕ್ಷ ದಾಟುವುದೂ ಉಂಟು. ನೀವು ಕಷ್ಟಪಟ್ಟು, ಹಣ ಸುರಿದು, ಈ ಬಂಡೆಯಲ್ಲೂ 10 ಓಮ್ ಸಾಧಿಸಿದಿರಿ ಎಂದುಕೊಳ್ಳಿ. 30,000ವನ್ನು 10ರಿಂದ ಗುಣಿಸಿ. ಮೂರು ಲಕ್ಷ ವೋಲ್ಟ್. ಅಂದರೆ ಆ ಕ್ಷಣದಲ್ಲಿ ನಿಮ್ಮ ಅತ್ಯುತ್ತಮ ಅರ್ಥ್ ಪಿಟ್ ಕೂಡ ಮೂರು ಲಕ್ಷ ವೋಲ್ಟ್‌ಗೆ ಜಿಗಿಯುತ್ತದೆ. 10 ಓಮ್ ಬದಲು 5 ಮಾಡಿದರೆ ಒಂದೂವರೆ ಲಕ್ಷ. ಎರಡರಲ್ಲಿ ಯಾವುದಾದರೂ ರೇಡಿಯೋಗೂ ಮನುಷ್ಯನಿಗೂ ಒಂದೇ.

ಇನ್ನೊಂದು ಸಂಗತಿ ಇದೆ. ಸಿಡಿಲಿನ ಪ್ರವಾಹ ಮೈಕ್ರೊಸೆಕೆಂಡ್‌ಗಳಲ್ಲಿ ಏರುತ್ತದೆ. ಅಷ್ಟು ವೇಗದ ಏರಿಕೆಯನ್ನು ನೇರವಾದ ತಾಮ್ರದ ತಂತಿ ಕೂಡ ವಿರೋಧಿಸುತ್ತದೆ. ಮೈಕ್ರೊಸೆಕೆಂಡಿಗೆ 10,000 ಆಂಪಿಯರ್ ಏರಿದರೆ ತಂತಿಯ ಪ್ರತಿ ಮೀಟರ್‌ಗೆ ಸುಮಾರು 10,000 ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ನಾಲ್ಕು ಮಹಡಿಯ ಮೇಲಿನಿಂದ ನೆಲಕ್ಕೆ 15 ಮೀಟರ್ ತಂತಿ ಇಳಿಸಿದರೆ ಒಂದೂವರೆ ಲಕ್ಷ ವೋಲ್ಟ್ ಆ ತಂತಿಯಲ್ಲೇ ಆಯಿತು. ಕೆಳಗೆ ಸೊನ್ನೆ ಓಮ್‌ನ ಪವಾಡದ ಅರ್ಥ್ ಇದ್ದರೂ ಮೇಲಿನ ಮಹಡಿಯ ಮಟ್ಟಿಗೆ ಅದು ಬಹಳ ದೂರದ ನೆಂಟ.

ಹಾಗಾದರೆ ಏನು ಮಾಡುವುದು? ತಂತಿಯ ಮೇಲೆ ಕೂತ ಕಾಗೆಯನ್ನು ನೆನಪಿಸಿಕೊಳ್ಳಿ. ಸಾವಿರಾರು ವೋಲ್ಟ್ ತಂತಿಯ ಮೇಲೆ ಕೂತರೂ ಅದಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಅದರ ಎರಡೂ ಕಾಲು ಒಂದೇ ವೋಲ್ಟೇಜಿನಲ್ಲಿವೆ. ಕೊಲ್ಲುವುದು ಎರಡು ಜಾಗಗಳ ನಡುವಿನ ವ್ಯತ್ಯಾಸ. ಮನೆಯಲ್ಲಿರುವ ಲೋಹವೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವುಗಳ ನಡುವೆ ಕಿಡಿ ಹಾರುವುದಿಲ್ಲ, ಅವುಗಳ ನಡುವೆ ನಿಂತ ಮನುಷ್ಯನ ಮೂಲಕ ಪ್ರವಾಹ ಹರಿಯುವುದಿಲ್ಲ. ಇದನ್ನೇ ಬಾಂಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು.

ಆದರೆ ಹವ್ಯಾಸಿಗಳಲ್ಲಿ, ಎಲೆಕ್ಟ್ರಿಷಿಯನ್‌ಗಳಲ್ಲಿ ಬಹುಕಾಲದಿಂದ ಒಂದು ನಂಬಿಕೆ ಇದೆ. ರೇಡಿಯೋಗೆ ಮನೆಯ ಅರ್ಥ್ ಬೇಡ, ಅದರಲ್ಲಿ ಗದ್ದಲ ಬರುತ್ತದೆ, ಪ್ರತ್ಯೇಕ ಶುದ್ಧ ಅರ್ಥ್ ಹಾಕಿಸಿ ಎನ್ನುತ್ತಾರೆ. ಇದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಕಂಬಕ್ಕೆ ಸಿಡಿಲು ಬಡಿದಾಗ ಅದರ ಪ್ರತ್ಯೇಕ ಸರಳು ಲಕ್ಷಾಂತರ ವೋಲ್ಟ್‌ಗೆ ಏರುತ್ತದೆ. ಮನೆಯ ಅರ್ಥ್ ಕೆಳಗೇ ಉಳಿದಿರುತ್ತದೆ. ಎರಡಕ್ಕೂ ಸೇತುವೆಯಾಗಿ ನಿಂತಿರುವುದು ಯಾವುದು? ಒಂದು ಕಡೆ ಆಂಟೆನಾ ಕೇಬಲ್, ಇನ್ನೊಂದು ಕಡೆ ಮೂರು ಪಿನ್ನಿನ ಪ್ಲಗ್ ಇರುವ ನಿಮ್ಮ ರೇಡಿಯೋ. ಅದರ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತ ನೀವು. ಬಂಡೆಯ ನೆಲದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ಎರಡು ಸರಳುಗಳ ನಡುವೆ ನೆಲದ ಮೂಲಕ ಒಳ್ಳೆಯ ದಾರಿಯೇ ಇಲ್ಲ.

ಆಳ ಸಿಗದಿದ್ದರೆ ಅಗಲ

ಎಲ್ಲವನ್ನೂ ಒಂದಾಗಿ ಕಟ್ಟಿದ ಮೇಲೂ ಸಿಡಿಲಿನ ಪ್ರವಾಹ ಎಲ್ಲಾದರೂ ಹರಿದು ಹೋಗಲೇಬೇಕಲ್ಲ. ಬಂಡೆಯಲ್ಲಿ ಆಳಕ್ಕೆ ಹೋಗಲು ಆಗದು, ಹಾಗಾಗಿ ಅಗಲಕ್ಕೆ ಹೋಗಬೇಕು. ಮೇಲಿನ ಒಂದೆರಡು ಅಡಿ ಮಣ್ಣು, ಮೊರಂ ಇರುವುದರಲ್ಲೇ ತೇವವೂ ಇರುತ್ತದೆ. ಅರ್ಧ ಮೀಟರ್ ಆಳದ ಕಾಲುವೆ ತೋಡಿ, 25 ಮಿಲಿಮೀಟರ್ ಅಗಲದ ಪಟ್ಟಿಯನ್ನು 30 ಮೀಟರ್ ಉದ್ದಕ್ಕೆ ಮಲಗಿಸಿದರೆ, ಅದೇ 1,000 ಓಮ್-ಮೀಟರ್ ನೆಲದಲ್ಲಿ ಸುಮಾರು 63 ಓಮ್ ಸಿಗುತ್ತದೆ. ನಿಲ್ಲಿಸಿದ ಸರಳಿನ 350 ಎಲ್ಲಿ, ಮಲಗಿಸಿದ ಪಟ್ಟಿಯ 63 ಎಲ್ಲಿ! ಮೇಲ್ಮಣ್ಣು ಬಂಡೆಗಿಂತ ಮೃದುವಾಗಿರುವುದರಿಂದ ಎಷ್ಟೋ ಕಡೆ ನಿಜವಾದ ಅಳತೆ ಇದಕ್ಕಿಂತ ಚೆನ್ನಾಗಿಯೇ ಬರುತ್ತದೆ.

ಸಿಡಿಲು ರಕ್ಷಣೆಯ ಮಾನದಂಡ ಐಎಸ್/ಐಇಸಿ 62305 ಕೂಡ ಇದನ್ನೇ ಹೇಳುತ್ತದೆ. 10 ಓಮ್‌ಗಿಂತ ಕಡಿಮೆ ಸಾಧ್ಯವಾದರೆ ಒಳ್ಳೆಯದು, ಆದರೆ ಸಂಖ್ಯೆಗಿಂತ ಅರ್ಥಿಂಗ್‌ನ ಆಕಾರ, ಅಳತೆ ಮುಖ್ಯ ಎನ್ನುತ್ತದೆ. ಬರಿ ಬಂಡೆಯ ನೆಲಕ್ಕೆ ಅದು ಸೂಚಿಸುವುದು ಕಟ್ಟಡದ ಸುತ್ತ ಉಂಗುರದಂತೆ ಹೂತ ವಾಹಕವನ್ನು, ಗೋಡೆಯಿಂದ ಸುಮಾರು ಒಂದು ಮೀಟರ್ ದೂರದಲ್ಲಿ, ಕನಿಷ್ಠ ಅರ್ಧ ಮೀಟರ್ ಆಳದಲ್ಲಿ. ಒಡ್ಯಾಣದ ಹಾಗೆ. ಉಂಗುರದ ಒಳಗಿನ ನೆಲವೂ ಒಟ್ಟಿಗೆ ಏರುವುದರಿಂದ ಬಾಗಿಲಲ್ಲಿ ನಿಂತವರ ಎರಡು ಕಾಲುಗಳ ನಡುವಿನ ವ್ಯತ್ಯಾಸವೂ ತಗ್ಗುತ್ತದೆ.

ದಿಲ್‌ಸುಖ್‌ನಗರದ ಗಲ್ಲಿಗಳಲ್ಲಿ ಕಟ್ಟಡದ ಸುತ್ತ ಒಂದು ಮೀಟರ್ ಜಾಗ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಕಟ್ಟಡದಲ್ಲೂ ಒಂದು ಬದಿ ಪಕ್ಕದವರ ಗೋಡೆ, ಇನ್ನೊಂದು ಬದಿ ಸಿಮೆಂಟ್ ಹಾಕಿದ ಪಾರ್ಕಿಂಗ್. ಸಿಕ್ಕ ಎರಡೂವರೆ ಬದಿಯಲ್ಲಿ ಪಟ್ಟಿ ಹೂತು, ಎರಡು ತುದಿಗಳನ್ನು ಪಾರ್ಕಿಂಗ್ ಒಳಗಿನ ಗೋಡೆಯ ಮೇಲೆ ಸಾಗಿಸಿ ಕೂಡಿಸಿದೆವು. ಪಟ್ಟಿಯ ಬಹುಪಾಲು ಮಣ್ಣಿನಲ್ಲಿದ್ದು ಉಂಗುರ ಪೂರ್ಣವಾದರೆ ಸಾಕು, ಅದು ಚೊಕ್ಕ ಚೌಕವೇ ಆಗಬೇಕೆಂದಿಲ್ಲ.

ಮರುಭೂಮಿಯಲ್ಲಿ ಕಲಿತ ಪಾಠ

ಇನ್ನೊಂದು ದಾರಿ ನಮ್ಮ ಕಾಲ ಕೆಳಗೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಮದ್ದುಗುಂಡಿನ ಉಗ್ರಾಣಗಳನ್ನು ಸಿಡಿಲಿನಿಂದ ಕಾಪಾಡಬೇಕಿತ್ತು. ಒಣ ನೆಲ, ಮಳೆ ಇಲ್ಲ, ಸರಳು ಹೊಡೆದರೆ ಪ್ರಯೋಜನವಿಲ್ಲ. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಪಾಯದ ಕಾಂಕ್ರೀಟಿನೊಳಗಿನ ಉಕ್ಕನ್ನೇ ಅರ್ಥ್ ಆಗಿ ಬಳಸಿದರು. ಕಾಂಕ್ರೀಟ್ ಸುತ್ತಲಿನ ತೇವವನ್ನು ಹೀರಿ ಬಹುಕಾಲ ಹಿಡಿದಿಡುತ್ತದೆ, ಅದರ ಕ್ಷಾರ ಗುಣ ವಿದ್ಯುತ್ತಿಗೆ ದಾರಿ ಕೊಡುತ್ತದೆ. ಹಲವು ವರ್ಷಗಳ ನಂತರ ಅಳೆದಾಗಲೂ ಆ ಅರ್ಥ್ ಹಾಗೆಯೇ ಇತ್ತು. ಇಂದು ಜಗತ್ತಿನಾದ್ಯಂತ ಅದು ಅವರ ಹೆಸರಿನಿಂದಲೇ ಪ್ರಸಿದ್ಧ.

ಊರಲ್ಲಿ ಸ್ವಂತ ಮನೆ ಕಟ್ಟಿಸುತ್ತಿರುವ ಅನಿವಾಸಿ ಮಿತ್ರರು ಇದನ್ನು ಗಮನಿಸಿ. ಪಾಯಕ್ಕೆ ಕಾಂಕ್ರೀಟ್ ಸುರಿಯುವ ಮುನ್ನ, ಕೆಳಗಿನ ಸರಳುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಕೂಡಿಸಿ, ಒಂದು ಪಟ್ಟಿಯನ್ನು ಹೊರಗೆ ತೆಗೆದಿಟ್ಟರೆ ಸಾಕು. ಆ ದಿನ ಅದು ಅರ್ಧ ಗಂಟೆಯ ಕೆಲಸ. ಕಾಂಕ್ರೀಟ್ ಬಿದ್ದ ಮರುದಿನದಿಂದ ಅದು ದುಡ್ಡು ಕೊಟ್ಟರೂ ಆಗದ ಕೆಲಸ. ಕಟ್ಟಿ ಮುಗಿದ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಕಂಬ ಕೊರೆದು ಉಕ್ಕು ಹುಡುಕುವ ಸಾಹಸ ಬೇಡ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಬೇಕೇ ಬೇಕು.

ಇದ್ದಿಲು, ಉಪ್ಪು ತುಂಬುವ ನಮ್ಮ ಹಳೆಯ ಪದ್ಧತಿಯ ಬಗ್ಗೆಯೂ ಒಂದು ಮಾತು. ಅದು ಕೆಲಸ ಮಾಡುತ್ತದೆ, ಆದರೆ ಉಪ್ಪು ಮಳೆಗೆ ಕೊಚ್ಚಿಹೋಗುತ್ತದೆ, ಇರುವಷ್ಟು ದಿನ ಕಬ್ಬಿಣವನ್ನು ತಿನ್ನುತ್ತದೆ, ಹತ್ತಿರದ ಬೋರ್‌ವೆಲ್‌ಗೂ ಇಳಿಯಬಹುದು. ಅದರ ಬದಲು ಬೆಂಟೊನೈಟ್ ಜೇಡಿ ಬಳಸುವುದು ಮೇಲು. ನೀರು ಕುಡಿದು ಊದಿಕೊಂಡು ಬಂಡೆಯ ಸಂದಿಗಳಿಗೆ ಅಂಟಿಕೊಳ್ಳುತ್ತದೆ. ಅದೂ ಪೂರ್ತಿ ಒಣಗಿದರೆ ಕುಗ್ಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ನೀರು ಬೇಕು. ಎಸಿಯಿಂದ ತೊಟ್ಟಿಕ್ಕುವ ನೀರನ್ನೂ ಆರ್‌ಒ ಯಂತ್ರ ಹೊರಹಾಕುವ ನೀರನ್ನೂ ಒಂದು ಪೈಪ್‌ನಲ್ಲಿ ಅರ್ಥ್ ಪಿಟ್ ಕಡೆ ತಿರುಗಿಸಿದರೆ ಖರ್ಚಿಲ್ಲದ ಪರಿಹಾರ. ಕಬ್ಬಿಣದ ಕೇಸಿಂಗ್ ಇರುವ ಬೋರ್‌ವೆಲ್ ಇದ್ದರೆ ಅದನ್ನೂ ಉಂಗುರಕ್ಕೆ ಸೇರಿಸಬಹುದು. ಈಗಿನ ಬೋರ್‌ವೆಲ್‌ಗಳಲ್ಲಿ ಹೆಚ್ಚಾಗಿ ಪಿವಿಸಿ ಕೇಸಿಂಗ್ ಇರುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ.

ತಾರಸಿಯ ಮೇಲಿನ ಒಕ್ಕೂಟ

ನೆಲದ ಕೆಲಸ ಮುಗಿದ ಮೇಲೆ ತಾರಸಿಯ ಕೆಲಸ. ಆಂಟೆನಾ ಕಂಬ, ಡಿಶ್‌ಗಳ ಚೌಕಟ್ಟು, ಸೋಲಾರ್ ಫಲಕಗಳ ಸ್ಟ್ಯಾಂಡ್, ಲಿಫ್ಟ್ ಕೋಣೆಯ ಏಣಿ, ಕಬ್ಬಿಣದ ನೀರಿನ ಪೈಪ್ ಎಲ್ಲವೂ ಒಂದೇ ಪಟ್ಟಿಗೆ ಸೇರಬೇಕು. ಅಲ್ಲಿಂದ ಕೆಳಗೆ ಒಂದೇ ತಂತಿ ಇಳಿಸಬಾರದು. ಕನಿಷ್ಠ ಎರಡು, ಎದುರು ಮೂಲೆಗಳಿಂದ. ಪ್ರವಾಹ ಹಂಚಿಹೋದಷ್ಟೂ ಪ್ರತಿ ಮೀಟರ್‌ನ ವೋಲ್ಟೇಜ್ ಇಳಿಯುತ್ತದೆ. ಪಟ್ಟಿ ಎಲ್ಲೂ ಚೂಪಾಗಿ ಬಾಗಬಾರದು, ನೀರು ಹರಿಯುವ ಹಾಗೆ ಮೃದುವಾಗಿ ತಿರುಗಬೇಕು. ಸಿಡಿಲಿಗೆ ತಿರುವು ಇಷ್ಟವಿಲ್ಲ, ನೇರ ಹಾರಿಬಿಡುತ್ತದೆ.

ಕೇಬಲ್ ಮನೆಯೊಳಗೆ ಬರುವ ಜಾಗ ಒಂದೇ ಇರಬೇಕು. ಅಲ್ಲಿ ಒಂದು ತಾಮ್ರದ ಫಲಕ, ಅದರ ಮೇಲೆ ಕೇಬಲ್‌ಗಳ ಸಿಡಿಲು ನಿರೋಧಕ. ರೇಡಿಯೋದ ಮೈ, ಪವರ್ ಸಪ್ಲೈ, ಕಂಪ್ಯೂಟರ್ ಎಲ್ಲದರ ಅರ್ಥ್ ಅದೇ ಫಲಕಕ್ಕೆ. ಆ ಫಲಕದಿಂದ ಮನೆಯ ಮುಖ್ಯ ಅರ್ಥ್‌ಗೆ, ಅಲ್ಲಿಂದ ಉಂಗುರಕ್ಕೆ. ಈ ಕೊನೆಯ ಜೋಡಣೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಬೇಕು.

ಅಳೆಯುವುದನ್ನು ಮರೆಯಬಾರದು. ಮೂರು ಮೊಳೆಯ ವಿಧಾನದಲ್ಲಿ ನಡುವಿನ ಮೊಳೆಯನ್ನು ದೂರದ ಮೊಳೆಯ 62 ಶೇಕಡಾ ಅಂತರದಲ್ಲಿ ನೆಡುತ್ತಾರೆ. ಸಿಸಿ ರಸ್ತೆಗಳ ನಮ್ಮ ಏರಿಯಾದಲ್ಲಿ ಮೊಳೆ ನೆಡಲು ಪಾರ್ಕ್ ಹುಡುಕಬೇಕು. ಅಳೆಯುವುದು ಮೇ ತಿಂಗಳಲ್ಲಿ. ಆಗಸ್ಟ್‌ನ ಹಸಿ ನೆಲದಲ್ಲಿ ಬಂದ ಸಂಖ್ಯೆಯನ್ನು ನಂಬಿ ಕೂತರೆ, ಮುಂಗಾರಿಗೆ ಮೊದಲಿನ ಗುಡುಗು ಮಳೆ ಬರುವಾಗ ನೆಲ ಒಣಗಿರುತ್ತದೆ. ದಖ್ಖನ್ನಿನಲ್ಲಿ ಸಿಡಿಲಿನ ಕಾಟ ಹೆಚ್ಚು ಇರುವುದು ಅದೇ ಏಪ್ರಿಲ್-ಮೇ ತಿಂಗಳಲ್ಲಿ.

ನೆರೆಯವರ ಪ್ರಶ್ನೆ

ಕಂಬ ಹಾಕುವ ಮೊದಲು ಅಸೋಸಿಯೇಷನ್ ಸಭೆ ನಡೆಯಿತು. ಮೇಲಿನ ಮಹಡಿಯ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: ಈ ಕಂಬ ಪಿಡುಗನ್ನು ಎಳೆದುಕೊಳ್ಳುತ್ತದೆಯೇ? ಪಿಡುಗು ಎಂದರೆ ತೆಲುಗಿನಲ್ಲಿ ಸಿಡಿಲು. ಕನ್ನಡಿಗನ ಕಿವಿಗೆ ಅದು ಬೇರೆಯೇ ಅರ್ಥ ಕೊಡುವ ಪದ. ಆ ಸಭೆಯಲ್ಲಿ ಎರಡೂ ಅರ್ಥ ಸರಿಹೊಂದುತ್ತಿದ್ದವು.

ಆ ಪ್ರಶ್ನೆಗೆ ಇಲ್ಲ ಎಂದು ಸುಲಭವಾಗಿ ಹೇಳಬಹುದಿತ್ತು. ಆದರೆ ನಿಜವಾದ ಉತ್ತರ ಅದಲ್ಲ. ಕಂಬ ದೂರದ ಮೋಡದಿಂದ ಸಿಡಿಲನ್ನು ಕರೆದು ತರುವುದಿಲ್ಲ. ಆದರೆ ಇಲ್ಲೇ ಬೀಳಲಿರುವ ಸಿಡಿಲು ಪಕ್ಕದ ಕಟ್ಟಡಕ್ಕಿಂತ ಎತ್ತರವಿರುವ ನಮ್ಮ ಕಂಬವನ್ನು ಆರಿಸಿಕೊಳ್ಳುವ ಸಾಧ್ಯತೆ ಹೆಚ್ಚಾಗುತ್ತದೆ. ಹಾಗೆ ಬಿದ್ದರೆ ಅದಕ್ಕೊಂದು ಸುರಕ್ಷಿತ ದಾರಿ ಇರಬೇಕು. ಆ ದಾರಿ ಮಾಡುವುದು ಕಂಬ ಹಾಕುವವನ ಹೊಣೆ. ಇದನ್ನು ಹೀಗೆಯೇ ಹೇಳಿ, ಉಂಗುರದ ನಕ್ಷೆ ತೋರಿಸಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಅಳೆದ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕುವುದಾಗಿ ಒಪ್ಪಿಕೊಂಡ ಮೇಲೆ ಅನುಮತಿ ಸಿಕ್ಕಿತು. ಮೊದಲು ಇಡೀ ಕಟ್ಟಡಕ್ಕೆ ಇದ್ದದ್ದು ಹ್ಯಾಕ್ಸಾ ಕಂಡ ಒಂದೇ ಸರಳು. ಈಗ ಲಿಫ್ಟ್‌ಗೂ ಪಂಪ್‌ಗೂ ಎಲ್ಲರ ಫ್ರಿಜ್‌ಗೂ ಅದೇ ಉಂಗುರದ ಆಸರೆ.

ಹೊರ ಊರಿನಲ್ಲಿ ಬಾಡಿಗೆಗೋ ಸ್ವಂತಕ್ಕೋ ಇರುವ ನಮಗೆಲ್ಲ ಇದರಲ್ಲೊಂದು ಮಾತಿದೆ. ತಾರಸಿ ಎಲ್ಲರದು. ಅಲ್ಲಿ ನಾವು ನಿಲ್ಲಿಸುವ ಪ್ರತಿ ಕಬ್ಬಿಣದ ತುಂಡೂ ಕೆಳಗಿನ ಮನೆಯ ನಲ್ಲಿಗೆ, ಸ್ವಿಚ್ಚಿಗೆ, ಮಗುವಿನ ಕೈಗೆ ವಿದ್ಯುತ್ತಿನ ನೆಂಟಸ್ತಿಕೆ ಇರುವಂಥದ್ದು.

ಕೊನೆಗೆ ಕೈಗೆಟುಕುವ ಮಾತು

ಇಷ್ಟೆಲ್ಲ ಮಾಡಿದರೂ ನೇರ ಹೊಡೆತಕ್ಕೆ ರೇಡಿಯೋ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಮನೆ, ಮನುಷ್ಯರು ಉಳಿಯುತ್ತಾರೆ. ರೇಡಿಯೋ ಉಳಿಸುವ ಉಪಾಯ ಹಳೆಯದೇ: ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿ ಫಲಕದ ಹೊರಗೆ ಬಿಡುವುದು, ಪ್ಲಗ್ ತೆಗೆಯುವುದು. ಗುಡುಗು ಕೇಳಿದ ಮೇಲೆ ಕೇಬಲ್ ಮುಟ್ಟಬಾರದು. ಗುಡುಗು ಕೇಳಿಸುವಷ್ಟು ಹತ್ತಿರ ಮೋಡ ಬಂದಿದೆ ಎಂದರೆ ಸಿಡಿಲೂ ತಲುಪುವ ದೂರದಲ್ಲಿದೆ ಎಂದೇ ಅರ್ಥ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇಡೀ ದೇಶಕ್ಕೆ ಮುನ್ಸೂಚನೆ ಕೊಡುತ್ತದೆ. ಊರಿನಲ್ಲಿ ಹೊಲಕ್ಕೆ ಹೋಗುವ ಅಪ್ಪ, ಅಣ್ಣಂದಿರ ಫೋನಿನಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆಯೇ ಎಂದು ಈ ಭಾನುವಾರ ಫೋನ್ ಮಾಡಿದಾಗ ಕೇಳಿ.

ಹ್ಯಾಮ್ ಆಗಬೇಕೆನ್ನುವವರಿಗೆ ಬಾಗಿಲು ತೆರೆದಿದೆ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಬಂಡೆ ಇದೆ, ಅರ್ಥಿಂಗ್ ಸಿಗದು ಎಂಬ ಕಾರಣಕ್ಕೆ ಹಿಂಜರಿಯಬೇಕಿಲ್ಲ. ಶಾಕ್‌ಗೆ ಆರ್‌ಸಿಸಿಬಿ, ಅಲೆಗಳಿಗೆ ತಾರಸಿಯ ತಂತಿ, ಸಿಡಿಲಿಗೆ ಉಂಗುರ ಮತ್ತು ಒಗ್ಗಟ್ಟು. ಸಂಖ್ಯೆ ಹತ್ತಾದರೂ ಐವತ್ತಾದರೂ, ಎಲ್ಲವೂ ಒಂದೇ ಗಂಟಿನಲ್ಲಿವೆಯೇ ಎಂಬುದನ್ನು ಮೊದಲು ನೋಡಿ. ಆಮೇಲೆ ಆ ಸಿಮೆಂಟ್ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ.